ರಂಗೂನಿನಿಂದ ಬಂದ ಅತ್ತೆ

ಹೋದ ವಾರ ತೇನಿಯ ಬಸ್ ನಿಲ್ದಾಣದ ಎದುರಿನ ಔಷಧಿ ಅಂಗಡಿಯಲ್ಲಿ ನಿಂತಿದ್ದೆ. ಪಕ್ಕದ ಅಂಗಡಿಯವನು ಊಟಕ್ಕೆ ಹೊರಡುವ ಮುಂಚೆ ಶಟರ್ ಎಳೆದ. ಗಡಗಡ ಸದ್ದು ಕೇಳಿದ್ದೇ ತಡ, ನನ್ನ ಎರಡೂ ಕೈ ಮೇಲೆದ್ದು ಕಿವಿಯ ಓಲೆಗಳನ್ನು ಮುಚ್ಚಿಕೊಂಡವು. ಜೊತೆಗಿದ್ದ ಮೊಮ್ಮಗ ಕಿವಿನೋವೇ ಎಂದು ತಮಿಳಿನಲ್ಲಿ ಕೇಳಿದ. ಹೌದು ಎಂದುಬಿಟ್ಟೆ. ನಿಮಗಾದರೆ ನಿಜ ಹೇಳಬಹುದು. ಆ ಅಭ್ಯಾಸ ನನ್ನದಲ್ಲ, ನನ್ನ ಅತ್ತೆಯದು. ಅವಳು ಹೋದ ಮೇಲೆ ಅದು ನನ್ನಲ್ಲಿ ಉಳಿದುಕೊಂಡಿದೆ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಹುಟ್ಟಿದ್ದು ತೇನಿಗೆ ಹತ್ತಿರದ ಬೋಡಿನಾಯಕನೂರಿನ ನಮ್ಮ ಮನೆಯಲ್ಲಿ, ಬಾಳಿದ್ದು ರಂಗೂನಿನಲ್ಲಿ. ಆ ಕಾಲದಲ್ಲಿ ರಂಗೂನಿನ ಅಕ್ಕಿ ಹಡಗು ಹತ್ತಿ ನಮ್ಮ ಕಡೆಗೆ ಬರುತ್ತಿತ್ತು, ನಮ್ಮ ಕಡೆಯ ಜನ ಹಡಗು ಹತ್ತಿ ಅಕ್ಕಿಯ ಕಡೆಗೆ ಹೋಗುತ್ತಿದ್ದರು. ಅತ್ತೆಯ ಗಂಡ, ಪೆರಿಯಕುಳದ ಮಾವ, ಹಾಗೆ ಹೋದವರು. ಅವರು ತೀರಿಕೊಂಡ ಮೇಲೆ ಅಕ್ಕಿ ಅಂಗಡಿಯನ್ನು ಮಗ ನೋಡಿಕೊಳ್ಳುತ್ತಿದ್ದ. ಆ ಮಗನಿಗೇ ನನ್ನನ್ನು ಕೊಡುವುದೆಂದು ನಾನು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಅವರ ಹೆಸರು ಹೇಳಲು ನನ್ನ ನಾಲಿಗೆ ಈಗಲೂ ತಡವರಿಸುತ್ತದೆ, ಆದ್ದರಿಂದ ಅತ್ತೆಯ ಮಗ ಎಂದೇ ಇಟ್ಟುಕೊಳ್ಳೋಣ. ಮುಖ ನೋಡಿದ್ದು ಒಂದೇ ಸಲ, ಅದೂ ಫೋಟೋದಲ್ಲಿ. ನಿಜ ಹೇಳಬೇಕೆಂದರೆ ನಾನು ಕನಸು ಕಂಡದ್ದು ಹಡಗಿನ ಬಗ್ಗೆ. ಗಂಡನ ಬಗ್ಗೆ ಅಷ್ಟಾಗಿ ಅಲ್ಲ.

ಅರವತ್ತರ ದಶಕದ ನಡುವಿನಲ್ಲಿ ಒಂದು ಮಧ್ಯಾಹ್ನ ಅತ್ತೆ ಒಬ್ಬಳೇ ಬಂದು ಜಗಲಿಯ ಮೇಲೆ ಕುಳಿತಳು. ಕೈಯಲ್ಲಿ ಒಂದು ಬಟ್ಟೆಗಂಟು. ಕಿವಿಯ ಉದ್ದನೆಯ ತೂತುಗಳು ಖಾಲಿಯಾಗಿ ಜೋಲುತ್ತಿದ್ದವು. ಬಂದರಿನಲ್ಲಿ ಹಡಗು ಹತ್ತುವ ಮುಂಚೆ ಚಿನ್ನವನ್ನೆಲ್ಲ ಬಿಚ್ಚಿಸಿಕೊಂಡರಂತೆ.

"ಸಿಪಾಯಿಗಳು ಬಂದ್ರು ತಮ್ಮಾ," ಎಂದಳು ಅಪ್ಪನಿಗೆ. "ನೀವು ಹೊರಗಿನೋರು, ಅಂಗಡಿ ಇನ್ಮ್ಯಾಕೆ ಸರ್ಕಾರದ್ದು, ಆಚೆ ನಿಲ್ಲು ಅಂದ್ರು. ನನ್ ಮಗ ಬೀದೀಲಿ ನಿಂತು ನೋಡ್ತಾ ಇದ್ದ. ಕದ ಎಳ್ದು ಬೀಗ ಹಾಕ್ಕೊಂಡ್ರು. ನಂಗೆ ಹೊರಡೋಕೆ ಅನುಮತಿ ಸಿಕ್ತು. ಅವನಿಗೆ ಇನ್ನೂ ಸಿಕ್ಕಿಲ್ಲ."

ಅಂದಿನಿಂದ ಮನೆಯಲ್ಲಿ ಕಾಯುವುದೇ ಒಂದು ಕೆಲಸವಾಯಿತು. ಬಜಾರಿನಲ್ಲಿ ಯಾರಾದರೂ ಅಂಗಡಿಯ ಬಾಗಿಲು ಹಾಕಿದ ಸದ್ದಾದರೆ ಅತ್ತೆಯ ಕೈ ಬರಿಗಿವಿಗೆ ಹೋಗುತ್ತಿತ್ತು. ಅಪ್ಪ ಏಲಕ್ಕಿ ವ್ಯಾಪಾರಿ. ಬೆಟ್ಟದ ತೋಟಗಳಿಂದ ಇಳಿದ ಕಾಯನ್ನು ಕೊಂಡು ಕೊಚ್ಚಿಗೆ ಕಳಿಸುತ್ತಿದ್ದ. ಅಲ್ಲಿಂದ ಅದು ಅರಬರ ದೇಶಕ್ಕೆ ಹೋಗುತ್ತಿತ್ತು. "ನಮ್ಮದು ಸರಕು ಮಾತ್ರ ಕಡಲು ದಾಟ್ತದೆ ಅಕ್ಕಾ, ನಾವು ದಾಟಕ್ಕಿಲ್ಲ. ನಮಗೇನು ಭಯ?" ಎಂದು ಸಮಾಧಾನ ಹೇಳುತ್ತಿದ್ದ.

ಆಗಲೇ ಹಿಂದಿ ಬೇಡವೆಂಬ ಹೋರಾಟ ಊರೂರಿಗೆ ಹಬ್ಬಿತು. ಒಂದು ದಿನ ಹಗಲು ಹೊತ್ತಿನಲ್ಲೇ ಬಜಾರಿನ ಬಾಗಿಲುಗಳೆಲ್ಲ ಒಂದರ ಹಿಂದೊಂದು ಮುಚ್ಚಿಕೊಂಡವು. ಮೆರವಣಿಗೆಯ ಕೂಗು ನಮ್ಮ ಬೀದಿಗೆ ತಿರುಗಿತು. ಅತ್ತೆ ನನ್ನನ್ನು ಒಳಗೆಳೆದು ಅಗುಳಿ ಹಾಕಿದಳು. ಅಪ್ಪ ಊರಲ್ಲಿರಲಿಲ್ಲ, ಬೆಟ್ಟಕ್ಕೆ ಹೋಗಿದ್ದ.

"ಮೊಗಾ, ನಮ್ ಮಾತು ಆಡ್ಬ್ಯಾಡ," ಎಂದು ಕಿವಿಯಲ್ಲಿ ಪಿಸುಗುಟ್ಟಿದಳು. "ತಮಿಳಲ್ಲೇ ಮಾತಾಡು."

"ಅತ್ತೆ, ಅವರು ಕೂಗ್ತಿರೋದು ಹಿಂದಿ ಬ್ಯಾಡ ಅಂತ. ನಮ್ಮನ್ನಲ್ಲ. ನಾವು ನೂರಾರು ವರ್ಷದಿಂದ ಇಲ್ಲೇ ಇರೋರು."

"ನನ್ ಮಗನೂ ಅಲ್ಲೇ ಹುಟ್ಟಿದೋನು, ಮೊಗಾ. ಅದನ್ನ ಯಾರು ಕೇಳಿದ್ರು?"

ನಮ್ಮ ಮನೆಯ ಮಾತು ಬೀದಿಗೆ ಬೇರೆಯಾಗಿ ಕೇಳಿಸಬಹುದೆಂದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ಕಂಬಂ ಕಣಿವೆಯಲ್ಲಿ ಹೊಲ ಉಳುವವರು, ಏಲಕ್ಕಿ ಮಾರುವವರು ನಾವು. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಆ ಹೊಸ್ತಿಲು ಆ ದಿನ ಗಡಿಯಂತೆ ಕಂಡಿತು. ಕೂಗು ದೂರವಾಯಿತು. ಆದರೂ ಅತ್ತೆ ನನ್ನ ರಟ್ಟೆ ಬಿಡಲಿಲ್ಲ.

ಸಂಜೆ ಹೊತ್ತಿಗೆ ಯಾರೋ ಕದ ತಟ್ಟಿದರು. ಅತ್ತೆ ಗೋಡೆಗೆ ಒತ್ತಿಕೊಂಡಳು.

"ಏಲಕ್ಕಾಯ್ ವ್ಯಾಪಾರಿ ವೀಡಾ?" ಏಲಕ್ಕಿ ವ್ಯಾಪಾರಿಯ ಮನೆಯೇ ಎಂದು ಒಡೆದ ಗಂಡು ದನಿಯೊಂದು ತಮಿಳಿನಲ್ಲಿ ಕೇಳಿತು.

"ಅವರ್ ಇಲ್ಲೆ. ಅಪ್ಪುರಂ ವಾಂಗ," ಅವರಿಲ್ಲ, ಆಮೇಲೆ ಬನ್ನಿ ಎಂದು ಅತ್ತೆ ತಮಿಳಿನಲ್ಲೇ ಸಾಗಹಾಕಲು ನೋಡಿದಳು. ಭಯಕ್ಕೆ ಅವಳ ದನಿಯೂ ಅವಳದಾಗಿರಲಿಲ್ಲ.

ಹೊರಗಿನವನು ಹೋಗಲಿಲ್ಲ. ಆಮೇಲೆ ಕದದ ಸಂದಿಗೆ ಬಾಯಿಟ್ಟು ಯಾರಿಗೂ ಕೇಳಿಸದಂತೆ ಅಂದ: "ಅವ್ವಾ, ನಾನು ಬಂದಿವ್ನಿ."

ಅತ್ತೆ ಆಗಲೂ ಕದ ತೆಗೆಯಲಿಲ್ಲ. ತೆಗೆಯಲು ಅವಳ ಕೈಲಾಗಲಿಲ್ಲ. ಅಲ್ಲೇ ಕುಸಿದು ಕುಳಿತಳು. ಅಗುಳಿ ಸರಿಸಿದ್ದು ನಾನು. ನನ್ನ ಗಂಡನನ್ನು ನಾನು ಮೊದಲು ನೋಡಿದ್ದು ಹಾಗೆ: ಊದಿದ ಕಾಲು, ಧೂಳು ಮೆತ್ತಿದ ಗಡ್ಡ, ಹೆದರಿದ ಕಣ್ಣು. ಹೊರಡಲು ಅನುಮತಿ ಸಿಕ್ಕಿ ಇಲ್ಲಿಗೆ ಬಂದಿಳಿದರೆ, ಹೋರಾಟದ ಗಲಾಟೆಗೆ ರೈಲು ದಿಂಡಿಗಲ್ಲಿನಲ್ಲೇ ನಿಂತುಬಿಟ್ಟಿತ್ತಂತೆ. ಯಾವುದೋ ಲಾರಿ ಹಿಡಿದು ತೇನಿಗೆ ಬಂದು, ಅಲ್ಲಿಂದ ನಡೆದಿದ್ದರು. ದಾರಿಯುದ್ದಕ್ಕೂ ಬಾಯಲ್ಲಿ ನಮ್ಮ ಮಾತು ಬಾರದಂತೆ ನೋಡಿಕೊಂಡಿದ್ದರಂತೆ. ಕದದ ಒಳಗೆ ತಾಯಿ, ಹೊರಗೆ ಮಗ, ಇಬ್ಬರೂ ಒಬ್ಬರಿಂದೊಬ್ಬರು ಅದನ್ನೇ ಬಚ್ಚಿಟ್ಟಿದ್ದರು.

ಮದುವೆಯಾಯಿತು. ಅವರು ಮತ್ತೆ ಅಂಗಡಿ ಇಡಲಿಲ್ಲ. ಅಪ್ಪ ಎಷ್ಟು ಹೇಳಿದರೂ ಒಪ್ಪದೆ ಕೊನೆಯವರೆಗೂ ಬೇರೆಯವರ ಗೋದಾಮಿನಲ್ಲಿ ಏಲಕ್ಕಿ ತೂಗಿದರು. ಮಕ್ಕಳೊಡನೆ ತಮಿಳಿನಲ್ಲೇ ಮಾತಾಡಿದರು. ಯಾಕೆ ಎಂದು ನಾನು ಕೇಳಲಿಲ್ಲ, ನಾನೂ ಹಾಗೇ ಮಾಡಿದೆ. ಯಾರೂ ನಮ್ಮನ್ನು ಓಡಿಸಲಿಲ್ಲ, ಒಂದು ಕೆಟ್ಟ ಮಾತೂ ಆಡಲಿಲ್ಲ. ನಮ್ಮ ಮಾತನ್ನು ಮನೆಯಿಂದ ಕಳಿಸಿದ್ದು ನಾವೇ. ಮೊಮ್ಮಗನಿಗೆ ಕೇಳಿದರೆ ಅರ್ಥವಾಗುತ್ತದೆ, ಆಡಲು ಬಾರದು.

ಈಗ ನಮ್ಮ ಬೀದಿಗೆ ಉತ್ತರದ ಕಡೆಯ ಗಂಡಹೆಂಡತಿ ಬಂದಿದ್ದಾರೆ, ಮನೆ ಕಟ್ಟುವ ಕೆಲಸಕ್ಕೆ. ನಿನ್ನೆ ಆ ಹೆಂಗಸು ಕೂಸಿಗೆ ತನ್ನ ಮಾತಿನಲ್ಲಿ ಏನೋ ಹಾಡುತ್ತಿದ್ದಳು. ನನ್ನನ್ನು ಕಂಡದ್ದೇ ಹಾಡು ನಿಲ್ಲಿಸಿ, ಬಾರದ ತಮಿಳಿನಲ್ಲಿ "ವಣಕ್ಕಂ" ಅಂದಳು. ನಿಲ್ಲಿಸಬೇಡ, ಹಾಡು ಎಂದು ಕೈಸನ್ನೆ ಮಾಡಿದೆ. ಅವಳು ನಕ್ಕಳು, ಹಾಡಲಿಲ್ಲ.

ಮನೆಗೆ ಬಂದ ನಾನು ಹೊಸ್ತಿಲ ಹೊರಗೇ ನಿಂತು, ಬೀದಿ ತುದಿಯಲ್ಲಿ ಗೆಳೆಯರೊಡನೆ ಹರಟುತ್ತಿದ್ದ ಮೊಮ್ಮಗನನ್ನು ನಮ್ಮ ಮಾತಿನಲ್ಲೇ ಗಟ್ಟಿಯಾಗಿ ಕೂಗಿದೆ: "ಉಣ್ಣಾಕೆ ಬಾರೋ ಕಂದಾ!" ಅವನು ಬೀದಿಯ ಎರಡೂ ಕಡೆ ಒಮ್ಮೆ ನೋಡಿ, ಆಮೇಲೆ ಹತ್ತಿರ ಬಂದು ಮೆಲ್ಲಗೆ, "ಬಂದೆ" ಎಂದ.