ತಡವಾದದ್ದಕ್ಕೆ ಕಾರಣ

ನಮ್ಮೂರಲ್ಲಿ ‘ಎಂಟು ಗಂಟೆ ಬಸ್ಸು’ ಎಂದೇ ಕರೆಯುತ್ತಿದ್ದ ಬಸ್ಸು ನಿಜವಾಗಿ ಎಂಟು ಗಂಟೆಗೆ ಹೊರಟದ್ದು, ನನ್ನ ಹೈಸ್ಕೂಲಿನ ಮೂರು ವರ್ಷದಲ್ಲಿ ಎರಡೇ ಸಲ. ಮೊದಲನೇ ಸಲ ಅದು ನನ್ನನ್ನೇ ಬಿಟ್ಟು ಹೋಯಿತು. ಎರಡನೆಯದನ್ನು ಕೊನೆಗೆ ಹೇಳುತ್ತೇನೆ.

ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮದು ಉಬ್ರಾಣಿ ಕಡೆಯ ಒಳಗಿನ ಹಳ್ಳಿ, ಹೈಸ್ಕೂಲು ಚನ್ನಗಿರಿಯಲ್ಲಿ, ನಡುವೆ ಒಂದೇ ಒಂದು ಪ್ರೈವೇಟ್ ಬಸ್ಸು. ಅದು ಸಂಜೆ ಬಂದು ಹನುಮಪ್ಪನ ಗುಡಿ ಮುಂದೆ ತಂಗಿ, ಬೆಳಿಗ್ಗೆ ವಾಪಸು ಹೊರಡುತ್ತಿತ್ತು. ಡ್ರೈವರು, ಕಂಡಕ್ಟರು ಬಸ್ಸಿನಲ್ಲೇ ಮಲಗುತ್ತಿದ್ದರು. ಊರಲ್ಲಿ ಹೋಟೆಲ್ ಇರಲಿಲ್ಲ. ಆದ್ದರಿಂದ ಅವರಿಬ್ಬರ ಬೆಳಗಿನ ರೊಟ್ಟಿ ದಿನಕ್ಕೊಂದು ಮನೆಯ ಪಾಳಿ. ಇವತ್ತು ಗೌಡರ ಮನೆ, ನಾಳೆ ಪಾತ್ರೆಗೆ ಕಲಾಯಿ ಹಾಕುವ ಸಾಬರ ಮನೆ, ನಾಡಿದ್ದು ನಮ್ಮ ಮನೆ. ತುದಿಮನೆಯ ಅಜ್ಜಿಯದೂ ಒಂದು ದಿನವಿತ್ತು. ಬೇಡವೆಂದರೆ ಆಕೆ ಬೈಯುತ್ತಿದ್ದಳು.

ಹೀಗೆ ಊರಿನ ಎಲ್ಲ ಮನೆಯ ರೊಟ್ಟಿ ತಿಂದ ಡ್ರೈವರು ಯಾವ ಮನೆಯವರನ್ನು ಬಿಟ್ಟು ಹೊರಡಬೇಕು? ಉಂಡ ಮನೆಗೆ ಎರಡು ಬಗೆಯುವ ಮನುಷ್ಯ ಅವರಲ್ಲ. “ಅಜ್ಜಿ ಸೀರೆ ಉಡ್ತಿದಾಳೆ, ತಡೀರಿ” ಎಂದರೆ ತಡೆಯುತ್ತಿದ್ದರು. “ನಮ್ಮೋರು ಎಮ್ಮೆ ಕಟ್ಟಾಕೆ ಹೋಗ್ಯಾರೆ” ಎಂದರೆ ಬೀಡಿ ಹಚ್ಚುತ್ತಿದ್ದರು. ಹಾರನ್ ಹೊಡೆಯುತ್ತಿರಲಿಲ್ಲ, ಹಿರಿಯರಿಗೆ ಹಾರನ್ ಹೊಡೆಯುವುದು ಅಗೌರವವಂತೆ. ಎಂಟರ ಬಸ್ಸು ಒಂಬತ್ತಕ್ಕೆ ಹೊರಟರೆ ಊರಿನವರು, “ಇವತ್ತೇನು ಇಷ್ಟು ಬೇಗ?” ಎನ್ನುತ್ತಿದ್ದರು.

ಈ ಧರ್ಮದ ಬಸ್ಸಿನಲ್ಲಿ ನಾನು ಹೋಗಿ ಇಳಿಯುತ್ತಿದ್ದದ್ದು ಎಂಥವರ ಕೈಗೆ ಎಂದರೆ, ನಮ್ಮ ಹೆಡ್‌ಮಾಸ್ಟರ ಕೈಗೆ. ಹೊನ್ನಾಳಿಯಿಂದ ವರ್ಗವಾಗಿ ಬಂದವರು. ರೇಡಿಯೊದ ವಾರ್ತೆಗೆ ಸರಿಯಾಗಿ ಕೈಗಡಿಯಾರ ತಿರುಗಿಸಿ, ಪ್ರಾರ್ಥನೆಯ ಹೊತ್ತಿಗೆ ಗೇಟಿನಲ್ಲಿ ನಿಲ್ಲುತ್ತಿದ್ದರು. ವರಾಂಡದಲ್ಲಿ ಹನ್ನೆರಡು ನಿಯಮಗಳ ಹಲಗೆ ಬರೆಸಿದ್ದರು. ಬೆಳಿಗ್ಗೆ ಐದಕ್ಕೆ ಏಳಬೇಕು, ಗಟ್ಟಿಯಾಗಿ ಓದಬೇಕು, ಓದಿದ್ದನ್ನು ಅದೇ ದಿನ ಬರೆದು ನೋಡಬೇಕು, ಉಗುರು ಕಡಿಯಬಾರದು. ಏಳನೆಯ ನಿಯಮ: ಮೂರು ಸಲ ತಡವಾಗಿ ಬಂದರೆ ಒಂದು ದಿನ ಗೈರುಹಾಜರಿ. ತಡವಾಗಿ ಬಂದವರು ಆ ಹಲಗೆಯ ಮುಂದೆಯೇ ಮೊದಲ ಪೀರಿಯಡ್ಡು ನಿಲ್ಲಬೇಕಾಗಿದ್ದರಿಂದ ಹನ್ನೆರಡೂ ನಿಯಮಗಳು ನನ್ನಷ್ಟು ಚೆನ್ನಾಗಿ ಇಡೀ ಶಾಲೆಯಲ್ಲಿ ಯಾರಿಗೂ ಬಾಯಿಪಾಠ ಇರಲಿಲ್ಲ. ಪಾಲಿಸಿದ್ದು ಎಷ್ಟು ಎಂದು ಕೇಳಬೇಡಿ.

ಗೇಟಿನ ಹತ್ತಿರ ಜವಾನರ ಕೈಯಲ್ಲಿ ಉದ್ದನೆಯ ಒಂದು ಪುಸ್ತಕವಿರುತ್ತಿತ್ತು. ತಡವಾಗಿ ಬಂದವರು ಅದರಲ್ಲಿ ಹೆಸರು, ಕಾರಣ ಬರೆದು ಸಹಿ ಮಾಡಬೇಕು. ನಾನು ದಿನವೂ ‘ಬಸ್ಸು ತಡ’ ಎಂದು ಬರೆಯುತ್ತಿದ್ದೆ. ಹತ್ತನೇ ತರಗತಿ ಶುರುವಾದ ಹೊಸತರಲ್ಲಿ ಹೆಡ್‌ಮಾಸ್ಟರು ಪುಸ್ತಕ ತಿರುವಿ ಹಾಕಿ, “ಬಸ್ಸು ತಡ ಅನ್ನೋದು ಕಾರಣ ಅಲ್ಲ. ಬಸ್ಸು ಯಾಕೆ ತಡ? ವಿವರವಾಗಿ ಬರಿ” ಎಂದರು.

ನನಗೂ ಸಿಟ್ಟಿತ್ತು. ವಿವರ ತಾನೇ, ತಗೊಳ್ಳಿ ಎಂದು ಶುರುಮಾಡಿದೆ.

‘ಬಸ್ಸು ತಡ. ಕಾರಣ: ತುದಿಮನೆ ಅಜ್ಜಿಯ ಎಲೆಯಡಿಕೆ ಚೀಲ ಕಳೆದಿತ್ತು. ಬಸ್ಸಿನವರೆಲ್ಲ ಇಳಿದು ಹುಡುಕಿದೆವು. ಅವರ ಸೊಂಟದಲ್ಲೇ ಇತ್ತು.’

‘ಬಸ್ಸು ತಡ. ಕಾರಣ: ಗಂಡನ ಮನೆಗೆ ಹೊರಟ ಹುಡುಗಿ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಅತ್ತು ಮುಗಿಸಲಿ ಎಂದು ಡ್ರೈವರು ಇಂಜಿನ್ ಆಫ್ ಮಾಡಿದರು. ಅದನ್ನು ನೋಡಿ ಕಂಡಕ್ಟರೂ ಅತ್ತರು.’

‘ಬಸ್ಸು ತಡ. ಕಾರಣ: ಟಾಪಿನ ಮೇಲಿದ್ದ ಬುಟ್ಟಿಯಿಂದ ಎರಡು ಕೋಳಿ ಹಾರಿ ಹೊಲಕ್ಕೆ ಬಿದ್ದವು. ಒಂದು ಸಿಕ್ಕಿತು.’

ಇದರ ಕೆಳಗೆ ಮಾರನೆಯ ದಿನ ಕೆಂಪು ಶಾಯಿಯಲ್ಲಿ ‘ಇನ್ನೊಂದು?’ ಎಂದು ಬರೆದಿತ್ತು. ಅದು ಹೆಡ್‌ಮಾಸ್ಟರ ಅಕ್ಷರ. ಗೇಟಿನಲ್ಲಿ ಮಾತ್ರ ಅವರ ಮುಖ ಎಂದಿನಂತೆ ಗಂಟಿಕ್ಕಿಕೊಂಡೇ ಇತ್ತು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಅವರು ನನ್ನನ್ನು ಕೋಣೆಗೆ ಕರೆಸಿದರು. ಹಾಜರಿ ಪುಸ್ತಕವೂ ತಡದ ಪುಸ್ತಕವೂ ಮೇಜಿನ ಮೇಲಿದ್ದವು. “ಇನ್ನು ಒಂದೇ ಒಂದು ಸಲ ತಡ ಆದ್ರೆ ನಿನ್ನ ಹಾಜರಿ ಸಾಕಾಗಲ್ಲ. ಹಾಲ್ ಟಿಕೆಟ್ ಕೊಡಾಕೆ ಬರಲ್ಲ” ಎಂದರು. ನಮ್ಮೂರಿನಿಂದ ಹತ್ತನೇ ತರಗತಿ ಮುಟ್ಟಿದ ಮೊದಲ ಹುಡುಗಿ ನಾನು. ಅಪ್ಪ ಮೊದಲೇ ಹೇಳಿಬಿಟ್ಟಿದ್ದ, “ಪರೀಕ್ಷೆ ಒಂದೇ ಸಲ ಕಟ್ಟಾದು. ತಪ್ಪಿದ್ರೆ ದೊಡ್ಡಮ್ಮನ ಜತೆ ಅಡಿಕೆ ಸುಲಿಯಾಕೆ ಕೂತ್ಕೊ.” ಅಪ್ಪ ಕೆಟ್ಟವನಲ್ಲ, ಆದರೆ ಹೇಳಿದ ಮಾತು ತಿರುಗಿಸುತ್ತಿರಲಿಲ್ಲ. ದೊಡ್ಡಮ್ಮನ ಬೆರಳುಗಳು ಸುಲಿದ ಅಡಿಕೆಯ ಚೊಗರಿಗೆ ಕಪ್ಪಗಾಗಿ, ದೀಪಾವಳಿಗೂ ಬಿಳುಪಾಗುತ್ತಿರಲಿಲ್ಲ. ಆ ಬೆರಳುಗಳು ಕಣ್ಣ ಮುಂದೆ ಬಂದವು.

ಆ ಸಂಜೆ ಬಸ್ಸಿನಲ್ಲಿ ಎದ್ದು ನಿಂತು ಭಾಷಣ ಮಾಡಿದೆ. “ನಾಳೆಯಿಂದ ಬಸ್ಸು ಎಂಟಕ್ಕೆ ಸರಿಯಾಗಿ ಹೊರಡ್ಬೇಕು. ಯಾರಿಗೂ ಕಾಯಬ್ಯಾಡ್ರಿ. ಕಾಯ್ಕಂಡು ಕೂತ್ರೆ ನನ್ನ ಪರೀಕ್ಷೆ ಹೋಗ್ತೈತೆ” ಎಂದೆ. ಬಸ್ಸಿನಲ್ಲಿ ಗಾಬರಿಯಾಯಿತು. ಡ್ರೈವರು ಹನುಮಪ್ಪನ ಗುಡಿಯ ಕಡೆ ಕೈ ಮಾಡಿ ಆಣೆಯಿಟ್ಟರು. ತುದಿಮನೆ ಅಜ್ಜಿ, “ನಾನು ಕೋಳಿ ಕೂಗೋ ಹೊತ್ತಿಗೇ ಬಂದು ಕೂರ್ತೀನಿ ತಗಾ” ಎಂದಳು.

ಮಾರನೆಯ ಬೆಳಿಗ್ಗೆ ನಾನೇನು ಮಾಡುತ್ತಿದ್ದೆ? ಎಂಟಕ್ಕೆ ಐದು ನಿಮಿಷ ಇರುವಾಗ ಅವ್ವನ ಮುಂದೆ ಕೂತು ಜಡೆ ಹಾಕಿಸಿಕೊಳ್ಳುತ್ತಿದ್ದೆ. ಬಸ್ಸು ಎಂಟಕ್ಕೆ ಹೊರಡುತ್ತದೆಂದು ನನಗೇ ನಂಬಿಕೆ ಇರಲಿಲ್ಲ. ಶಾಸ್ತ್ರ ಹೇಳೋಕೆ, ಬದನೆಕಾಯಿ ತಿನ್ನೋಕೆ. ಇಂಜಿನ್ ಸದ್ದು ಕೇಳಿ ಅರ್ಧ ಜಡೆಯಲ್ಲೇ ಓಡಿದೆ. ಗುಡಿ ಮುಂದೆ ಧೂಳು ಮಾತ್ರ ಇತ್ತು.

ಏನಾಯಿತೆಂದು ಆಮೇಲೆ ತಿಳಿಯಿತು. ಬಸ್ಸು ಕೆರೆ ಏರಿ ದಾಟಿದ ಮೇಲೆ ಕಂಡಕ್ಟರು ತಲೆ ಎಣಿಸಿ, “ಅಯ್ಯೋ, ಆ ಹುಡುಗೀನೇ ಇಲ್ಲ” ಎಂದರಂತೆ. ಡ್ರೈವರು ಬಸ್ಸು ತಿರುಗಿಸಲು ಹೋದರೆ ಕಲಾಯಿ ಸಾಬರು ತಡೆದರಂತೆ: “ಯಾರಿಗೂ ಕಾಯಬ್ಯಾಡ್ರಿ ಅಂತ ಹೇಳಿದ್ದೇ ಆ ಹುಡುಗಿ. ಕೊಟ್ಟ ಮಾತು ಮೀರ್ತೀರೇನ್ರೀ?”

ನಾನು ಅಡಿಕೆ ಚೀಲದ ಟ್ರ್ಯಾಕ್ಟರ್ ಹತ್ತಿ, ಮಧ್ಯಾಹ್ನದ ಊಟದ ಬೆಲ್ಲಿನ ಹೊತ್ತಿಗೆ ಗೇಟು ಮುಟ್ಟಿದೆ. ತಡದ ಪುಸ್ತಕದಲ್ಲಿ ಸತ್ಯವನ್ನೇ ಬರೆದೆ: ‘ತಡ. ಕಾರಣ: ಬಸ್ಸು ಸರಿಯಾದ ಹೊತ್ತಿಗೆ ಹೊರಟದ್ದರಿಂದ.’

ಹೆಡ್‌ಮಾಸ್ಟರು ಅದನ್ನು ಎರಡು ಸಲ ಓದಿದರು. “ಬಸ್ಸು ತಡ ಆದ್ರೂ ತಡ, ಬೇಗ ಹೊರಟ್ರೂ ತಡ. ವರ್ಷವೆಲ್ಲ ಕೂತ್ಕೊಂಡು ಕಥೆ ಕಟ್ಟೀಯಲ್ಲ!” ಎಂದು ಗುಡುಗಿದರು. ಅಳು ಬರಬೇಕಾದ ಕಡೆ ನನಗೆ ಕೋಪ ಬಂತು. “ಒಂದಕ್ಷರ ಸುಳ್ಳಿಲ್ಲ ಸರ್. ಬೇಕಾದ್ರೆ ಬಂದು ನೋಡ್ರಿ” ಎಂದುಬಿಟ್ಟೆ. ಸ್ಟಾಫ್ ರೂಮಿನ ಬಾಗಿಲಲ್ಲಿ ಮೇಷ್ಟರುಗಳು ಸಾಲಾಗಿ ನಿಂತಿದ್ದರು. ಹೆಡ್‌ಮಾಸ್ಟರು ಅವರ ಕಡೆ ಒಮ್ಮೆ ನೋಡಿ, “ಬರ್ತೀನಿ. ಸುಳ್ಳಾಗಿದ್ರೆ ಹಾಲ್ ಟಿಕೆಟ್ ಕೇಳಾಕೆ ಬರಬೇಡ” ಎಂದರು.

ಮೂರನೇ ದಿನ ಸಂಜೆ ನಿಜವಾಗಿ ಬಸ್ಸು ಹತ್ತಿ ನಮ್ಮೂರಿಗೆ ಬಂದರು. ಗೌಡರ ಮನೆಯಲ್ಲಿ ಉಳಿದರು. ಬೆಳಿಗ್ಗೆ ನಾನು ಏಳೂವರೆಗೇ ಎರಡು ಜಡೆ ಹಾಕಿಕೊಂಡು ಬಸ್ಸಿನ ಮುಂದಿನ ಸೀಟಿನಲ್ಲಿ ಕೂತಿದ್ದೆ. ಅಜ್ಜಿ ಬಂದಳು, ಸಾಬರು ಬಂದರು. ಎಂಟಾಯಿತು. ಎಲ್ಲರೂ ಬಂದಿದ್ದರು, ಹೆಡ್‌ಮಾಸ್ಟರೊಬ್ಬರನ್ನು ಬಿಟ್ಟು.

ಅವರು ಗೌಡರ ಮನೆಯಲ್ಲಿ ಚಹಾ ಕುಡಿದು ಏಳೂ ಮುಕ್ಕಾಲಿಗೇ ಹೊರಬಿದ್ದಿದ್ದರು. ಆದರೆ ಗೌಡರ ಮನೆಯಿಂದ ಗುಡಿಯವರೆಗೆ ದಾರಿಯ ಎರಡೂ ಕಡೆ ಮನೆಗಳಿದ್ದವು. “ಅವರ ಮನೇಲಿ ಕುಡಿದ್ರಿ, ನಮ್ಮನೇಲಿ ಕುಡಿಯದೆ ಹೋದ್ರೆ ಹೆಂಗ್ರೀ?” ಎಂದು ಒಬ್ಬರು ಕೈ ಹಿಡಿದರು. ಅಲ್ಲಿಂದ ಬಿಡಿಸಿಕೊಂಡರೆ ಮುಂದಿನ ಮನೆಯವರು ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದರು. ಸಾಬರ ಹೆಂಡತಿ ಬಸ್ಸಿಗೆ ಬಂದ ಗಂಡನನ್ನು ವಾಪಸು ಕರೆಸಿ, ಮೇಷ್ಟರನ್ನು ಕೂರಿಸಿ ತಿಂಡಿಯನ್ನೇ ಕೊಟ್ಟರು. ನಾನು ಕಿಟಕಿಯಿಂದ ಇಣುಕುತ್ತ, “ಹಾರನ್ ಹೊಡೀರಿ” ಎಂದು ಡ್ರೈವರಿಗೆ ಗೋಗರೆದೆ. ಅವರು ಹೌಹಾರಿ, “ಹೆಡ್‌ಮಾಸ್ಟರಿಗೆ ಹಾರನ್ ಹೊಡೆಯಾಕೆ ಆಗ್ತೈತೇನವ್ವ?” ಎಂದರು.

ಒಂಬತ್ತೂ ಕಾಲಿಗೆ ಹೆಡ್‌ಮಾಸ್ಟರು ಬಂದರು. ಬಗಲಲ್ಲಿ ಒಂದು ಟವಲ್ಲಿನ ತುಂಬ ಅವರೆಕಾಯಿ. ಓಡುತ್ತಿದ್ದರು, ಓಡುತ್ತಲೇ ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. ಬಸ್ಸಿಗೆ ಬಸ್ಸೇ ಎದ್ದು ನಿಂತು ನಮಸ್ಕಾರ ಮಾಡಿತು. ಚನ್ನಗಿರಿಯವರೆಗೂ ಅವರು ನನ್ನ ಕಡೆ ತಿರುಗಿ ನೋಡಲಿಲ್ಲ.

ಗೇಟಿಗೆ ಬಂದಾಗ ಪ್ರಾರ್ಥನೆ ಮುಗಿದಿತ್ತು. ಜವಾನರು ತಡದ ಪುಸ್ತಕವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡರು. ‘ಯಾರೇ ಆಗಲಿ ಬರೆಸದೆ ಬಿಡಬೇಡ’ ಎಂದು ಅವರಿಗೆ ಹೇಳಿದ್ದವರೇ ಎದುರಿಗೆ ನಿಂತಿದ್ದರು. “ಕೊಡು ಇಲ್ಲಿ” ಎಂದು ಹೆಡ್‌ಮಾಸ್ಟರು ಅದನ್ನು ಇಸಿದುಕೊಂಡು ಮೊದಲು ನನ್ನ ಕೈಗೆ ಕೊಟ್ಟರು. ನಾನು ಬರೆದೆ: ‘ಬಸ್ಸು ತಡ. ಕಾರಣ: ಹೆಡ್‌ಮಾಸ್ಟರು ಐದು ಮನೆಗಳಲ್ಲಿ ಚಹಾ ಕುಡಿದರು.’

ಅವರು ಓದಿದರು. ಜೇಬಿನಿಂದ ಕೆಂಪು ಪೆನ್ನು ತೆಗೆದು ‘ಐದು’ ಎಂಬುದನ್ನು ಹೊಡೆದು ‘ಆರು’ ಎಂದು ತಿದ್ದಿದರು. ಅದರ ಕೆಳಗೆ ತಮ್ಮ ಹೆಸರು ಬರೆದು, ‘ಬಸ್ಸು ತಡ’ ಎಂದಷ್ಟೇ ಬರೆದರು.

“ಸರ್, ವಿವರವಾಗಿ ಬರೀಬೇಕು” ಎಂದೆ. ನನಗೆ ಆ ಧೈರ್ಯ ಎಲ್ಲಿಂದ ಬಂತೋ ಗೊತ್ತಿಲ್ಲ. ಜವಾನರು ಆಕಾಶ ನೋಡಿದರು. ಹೆಡ್‌ಮಾಸ್ಟರು ಪುಸ್ತಕವನ್ನು ಮತ್ತೆ ಹತ್ತಿರ ಎಳೆದುಕೊಂಡು ಬರೆದರು: ‘ಕಾರಣ: ಆ ಊರಿನವರು ಯಾರನ್ನೂ ಬಿಟ್ಟು ಹೊರಡುವುದಿಲ್ಲ.’

ಆ ಮಧ್ಯಾಹ್ನವೇ ಹಲಗೆಯ ಏಳನೆಯ ನಿಯಮದ ಮೇಲೆ ಕಪ್ಪು ಬಣ್ಣ ಬಿತ್ತು. “ಮಾಡಿದೋನೂ ನಾನೇ, ಅಳಿಸಿದೋನೂ ನಾನೇ” ಎಂದು ಹೆಡ್‌ಮಾಸ್ಟರು ನನ್ನ ಹಾಜರಿ ಸರಿಮಾಡಿದರು. ಹಾಲ್ ಟಿಕೆಟ್ ಕೈಗಿಡುವಾಗ ಮಾತ್ರ ಗಂಭೀರವಾಗಿ ಹೇಳಿದರು: “ಶಾಲೆ ಗೇಟು ನಂದು. ಪರೀಕ್ಷೆ ಕೋಣೆ ಬಾಗಿಲು ನಂದಲ್ಲ. ಅದು ಮುಚ್ಚಿದ್ರೆ ಮುಚ್ಚಿದ್ದೇ. ನಿಮ್ಮೂರೋರಿಗೆ ಹೇಳು.” ನಾನು ಊರಿನಲ್ಲಿ ಈ ಮಾತನ್ನು ತುದಿಮನೆ ಅಜ್ಜಿಗೆ ಮಾತ್ರ ಹೇಳಿದೆ. ಅಷ್ಟು ಸಾಕಾಗಿತ್ತು.

ಪರೀಕ್ಷೆಯ ದಿನ ಏಳೂವರೆಗೆ ಗುಡಿ ಮುಂದೆ ಹೋದೆ. ಊರಿಗೆ ಊರೇ ಅಲ್ಲಿತ್ತು. ಸಾಬರಿದ್ದರು, ಗೌಡರಿದ್ದರು, ಅಪ್ಪನೂ ಇದ್ದ. ಇಷ್ಟು ಜನ ಹತ್ತಿ ಕೂರುವುದು ಯಾವಾಗ, ಬಸ್ಸು ಹೊರಡುವುದು ಯಾವಾಗ? ನಾನು ಹತ್ತಿ ಕೂತೆ. ಹಿಂದೆ ಯಾರೂ ಹತ್ತಲಿಲ್ಲ. ಅದು ಚನ್ನಗಿರಿಯ ಸಂತೆಯ ದಿನ. ಸಾಬರ ಪಾತ್ರೆಯ ಮೂಟೆ ಗುಡಿಯ ಕಟ್ಟೆಯ ಮೇಲೆ ಕಟ್ಟಿಟ್ಟಂತೇ ಇತ್ತು. ಅಜ್ಜಿ ಕಿಟಕಿಯ ಹತ್ತಿರ ಬಂದು ಡ್ರೈವರಿಗೆ ರೊಟ್ಟಿಯ ಗಂಟು ಕೊಟ್ಟು, “ದಾರೀಲಿ ತಿನ್ರಿ, ಇವತ್ತು ನಿಲ್ಲಬ್ಯಾಡ್ರಿ” ಎಂದಳು. ಎಂಟಕ್ಕೆ ಸರಿಯಾಗಿ ಬಸ್ಸು ಹೊರಟಿತು. ದಾರಿಯಲ್ಲಿ ಕೈ ಅಡ್ಡ ಮಾಡಿದವರಿಗೆಲ್ಲ ಕಂಡಕ್ಟರು “ಪರೀಕ್ಷೆ! ಪರೀಕ್ಷೆ!” ಎಂದು ಕೂಗುತ್ತ ಹೋದರು. ಅಷ್ಟು ದೊಡ್ಡ ಬಸ್ಸಿನಲ್ಲಿ ನಾನೊಬ್ಬಳೇ ಕೂತು, ಓದಿದ್ದೆಲ್ಲ ಮರೆತು, ಸುಮ್ಮನೆ ಅಳುತ್ತಿದ್ದೆ.

ನಾವು ಮುಟ್ಟಿದಾಗ ಗೇಟಿಗೆ ಇನ್ನೂ ಬೀಗವಿತ್ತು. ಸ್ವಲ್ಪ ಹೊತ್ತಿಗೆ ಬೀಗದ ಕೈ ಹಿಡಿದು ಹೆಡ್‌ಮಾಸ್ಟರೇ ಬಂದರು. ಮೊದಲು ನನ್ನನ್ನು ನೋಡಿದರು, ಆಮೇಲೆ ಕೈಗಡಿಯಾರ ನೋಡಿದರು, ಅದನ್ನು ಕಿವಿಗಿಟ್ಟೂ ನೋಡಿದರು. ಬಾಗಿಲು ತೆಗೆದು ಒಳಗಿನಿಂದ ಅದೇ ಪುಸ್ತಕ ತಂದು ನನ್ನ ಮುಂದಿಟ್ಟು, “ಬೇಗ ಬಂದಿದ್ದಕ್ಕೂ ಕಾರಣ ಬರಿ. ವಿವರವಾಗಿ” ಎಂದರು.

ಆ ದಿನ ನಾನು ಬರೆದ ಮೊದಲ ಉತ್ತರ ಅದೇ. ಒಂದೇ ಸಾಲು: ‘ನಾನು ತಡ ಆಗಬಾರದೆಂದು ಇವತ್ತು ನಮ್ಮೂರಲ್ಲಿ ಯಾರೂ ಬಸ್ಸು ಹತ್ತಲಿಲ್ಲ.’