ಶಕುಂತಲಮ್ಮ ಒತ್ತಿದ ಗುಂಡಿ

ಚಾಮರಾಜಪೇಟೆಯ ಆ ಹಳೆಯ ಕಾಲೇಜಿಗೆ ಹೋಗಿ ಶಕುಂತಲಮ್ಮ ಎಲ್ಲಿ ಅಂತ ಕೇಳಿದರೆ ಗೇಟಿನವನು ತಲೆ ಕೆರೆದುಕೊಳ್ಳುತ್ತಿದ್ದ. ‘ಕಾಳಪ್ಪನ ಹೆಂಡ್ತಿ’ ಅಂದರೆ ಮಾತ್ರ, ‘ಓ ಅವ್ರಾ, ಕಂಪ್ಯೂಟರ್ ಲ್ಯಾಬಲ್ಲಿ ನೋಡಿ’ ಅನ್ನುತ್ತಿದ್ದ. ಕಾಳಪ್ಪ ಆ ಕಾಲೇಜಿನ ಅಟೆಂಡರ್. 1991ರಲ್ಲಿ ಜಾಂಡೀಸ್ ಬಂದು ತೀರಿಕೊಂಡ. ಅವನ ಕೆಲಸ ಅನುಕಂಪದ ಮೇಲೆ ಹೆಂಡತಿಗೆ ಬಂತು. ಸರ್ವಿಸ್ ರಿಜಿಸ್ಟರಿನಲ್ಲಿ ಆಕೆಯ ಹೆಸರಿನ ಮುಂದೆ ‘ದಿವಂಗತ ಕಾಳಪ್ಪನವರ ಪತ್ನಿ’ ಅಂತ ಬರೆದರು. ಅಲ್ಲಿಂದಾಚೆಗೆ ಆಕೆ ಕಾಲೇಜಿಗೆಲ್ಲ ಅದೇ ಆಗಿಹೋದರು.

ಮೊದಲ ಏಳು ವರ್ಷ ಕೆಮಿಸ್ಟ್ರಿ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆದರು. ಅಲ್ಲಿನ ಒಂದು ಪಾಠ ಆಕೆಯ ಎಡಗೈಯ ಮೇಲೆ ಇವತ್ತಿಗೂ ಇದೆ. ಡಿಸ್ಟಿಲ್ಡ್ ವಾಟರ್ ಅಂತ ಚೀಟಿ ಅಂಟಿಸಿದ್ದ ಬಾಟಲಿಯಲ್ಲಿ ಯಾರೋ ಪುಣ್ಯಾತ್ಮರು ಆಸಿಡ್ ತುಂಬಿಟ್ಟಿದ್ದರು. ಚೀಟಿ ನಂಬಿ ಬಗ್ಗಿಸಿಕೊಂಡರು, ಮಣಿಕಟ್ಟಿನ ತನಕ ಚರ್ಮ ಸುಟ್ಟುಹೋಯಿತು. ಚೀಟಿ ಓದಿ ನಂಬುವ ಅಭ್ಯಾಸವನ್ನು ಅಂದಿಗೆ ಬಿಟ್ಟರು.

1998ರಲ್ಲಿ ಕಂಪ್ಯೂಟರ್ ಲ್ಯಾಬ್ ಶುರುವಾದಾಗ ಆಕೆಯನ್ನು ಅಲ್ಲಿಗೆ ಹಾಕಿದರು. ಬೆಳಿಗ್ಗೆ ಎಂಟೂವರೆಗೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ಧೂಳು ಒರೆಸಿ, ಮಷೀನುಗಳನ್ನು ಒಂದೊಂದಾಗಿ ಆನ್ ಮಾಡಿ, ಪಾಠ ನಡೆಯುವಾಗ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂರುವುದು. ಇಷ್ಟೇ ಕೆಲಸ. ಆದರೆ ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದ ಹೆಂಗಸು, ಕಿವಿ ಮುಚ್ಚಿಕೊಂಡು ಕೂರಲಾಗುತ್ತದೆಯೇ? ಎಂಟು ವರ್ಷ ಒಂದೇ ಪಾಠವನ್ನು ಎಂಟು ಬ್ಯಾಚಿನ ಜೊತೆ ಕೇಳಿದರು. ಹುಡುಗರು ಕೇಳಿದ್ದು ಒಂದೇ ಸಲ, ಅದೂ ಕಿಟಕಿಯಾಚೆ ನೋಡಿಕೊಂಡು. ಇದರ ಜೊತೆಗೆ ಆಕೆ ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದರು. ಯಾವ ದಿನ ಯಾವ ಮಷೀನು ಬೆಳಿಗ್ಗೆ ಹೇಗೆ ಎದ್ದಿತು, ಏನು ರಗಳೆ ಮಾಡಿತು, ಎಲ್ಲ ಅದರಲ್ಲಿ. ಯಾರೂ ಕೇಳಿರಲಿಲ್ಲ, ಆಕೆಯೇ ಬರೆಯುತ್ತಿದ್ದರು.

ಲ್ಯಾಬಿನ ಮುಖ್ಯಸ್ಥರು ಬಸವನಗುಡಿಯ ಶ್ರೀಹರಿ ರಾಯರು. ಒಳ್ಳೆಯ ಮೇಷ್ಟ್ರು, ಅದಕ್ಕಿಂತ ದೊಡ್ಡ ದೈವಭಕ್ತರು. ಗಾಂಧಿ ಬಜಾರಿಗೆ ಹೋಗುವ ತರಕಾರಿ ಚೀಟಿಯ ತಲೆಯ ಮೇಲೂ ‘ಶ್ರೀ’ ಬರೆಯದೆ ಬದನೆಕಾಯಿ ಅಂತ ಬರೆದವರಲ್ಲ. ಕಂಪ್ಯೂಟರಿಗೂ ಅದೇ ಮಡಿ. ಹೊಸ ಡಿಸ್ಕು ಬಂದರೆ ಮೊದಲು ‘ಶ್ರೀ’ ಅನ್ನುವ ಫೋಲ್ಡರ್ ಮಾಡಬೇಕು, ಉಳಿದದ್ದೆಲ್ಲ ಅದರೊಳಗೆ ಹೋಗಬೇಕು.

2006ರಲ್ಲಿ ರಾಯರು ಒಂದು ಹೊಸ ಸಾಫ್ಟ್‌ವೇರ್ ತರಿಸಿದರು. ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಮಾಡಿಕೊಡುವಂಥದ್ದು. ಹುಡುಗರು ಒಳಗಿನ ಕಂಪ್ಯೂಟರನ್ನು ಎಷ್ಟು ಬೇಕಾದರೂ ಕೆಡಿಸಲಿ, ಹೊರಗಿನದಕ್ಕೆ ಕೂದಲೂ ಕೊಂಕುವುದಿಲ್ಲ. ಮೊದಲ ಸಲ ಒಂದು ಪರದೆಯೊಳಗೆ ಇನ್ನೊಂದು ಪರದೆ ಕಣ್ಣು ಬಿಟ್ಟದ್ದನ್ನು ಕಂಡಾಗ ಶಕುಂತಲಮ್ಮ ಕೈಯಲ್ಲಿದ್ದ ಬಟ್ಟೆ ಹಿಡಿದುಕೊಂಡೇ ಹತ್ತು ನಿಮಿಷ ನಿಂತುಬಿಟ್ಟಿದ್ದರು. ಆ ಸಾಫ್ಟ್‌ವೇರು ತಾನಾಗಿ ಒಂದು ಜಾಗ ಕೇಳಿತ್ತು. ರಾಯರು ಕೊಡಲಿಲ್ಲ, ಎರಡನೇ ಡಿಸ್ಕಿನ ‘ಶ್ರೀ’ಯೊಳಗೆ ಕೂರಿಸಿದರು.

ಅಕ್ಟೋಬರಿನಲ್ಲಿ ಕೇಡು ಬಂತು. ಪ್ರಾಕ್ಟಿಕಲ್ ಪರೀಕ್ಷೆಯ ಪ್ರಶ್ನೆಗಳನ್ನು ರಾಯರು ನಾಲ್ಕನೇ ಮಷೀನಿನಲ್ಲಿ ಬೀಗ ಹಾಕಿ ಇಟ್ಟಿದ್ದರು. ಅಡ್ಮಿನ್, ಅಂದರೆ ಆ ಮಷೀನಿನ ಯಜಮಾನ, ಅವನು ಮಾತ್ರ ತೆರೆಯಬಹುದು. ಹುಡುಗರೂ ಅದರಲ್ಲಿ ಕೆಲಸ ಮಾಡುತ್ತಿದ್ದರು, ಆದರೆ ‘ಸ್ಟೂಡೆಂಟ್’ ಅನ್ನುವ ಬಡ ಹೆಸರಿನಲ್ಲಿ. ಪರೀಕ್ಷೆಗೆ ನಾಲ್ಕು ದಿನ ಇರುವಾಗ ಪ್ರಶ್ನೆಗಳು ಕ್ಯಾಂಟೀನಿನಲ್ಲಿ ಓಡಾಡುತ್ತಿದ್ದವು. ಮಷೀನು ಬರೆದಿಟ್ಟ ದಾಖಲೆ ನೋಡಿದರೆ, ಸೋಮವಾರ ಬೆಳಿಗ್ಗೆ ಎಂಟೂ ಐವತ್ತಕ್ಕೆ ಅಡ್ಮಿನ್ ಅಧಿಕಾರದಲ್ಲಿ ಆ ಫೈಲಿನ ನಕಲು ಆಗಿದೆ. ಅಡ್ಮಿನ್ ಪಾಸ್‌ವರ್ಡ್ ಗೊತ್ತಿದ್ದವರು ಇಬ್ಬರು, ರಾಯರು ಮತ್ತು ದಿನಾ ಮಷೀನು ಎಬ್ಬಿಸುವ ಶಕುಂತಲಮ್ಮ. ರಾಯರು ಆ ಹೊತ್ತಿಗೆ ಇನ್ನೂ ಮನೆಯಲ್ಲಿ ಪೂಜೆಯಲ್ಲಿದ್ದರು. ಲ್ಯಾಬಿನಲ್ಲಿದ್ದವರು ಒಬ್ಬರೇ.

ಪ್ರಿನ್ಸಿಪಾಲ್ ವೀರಭದ್ರಯ್ಯನವರು ಶುಕ್ರವಾರ ಕರೆಸಿದರು. ಜೋರು ಮಾಡಲಿಲ್ಲ, ಅದೇ ಹೆಚ್ಚು ನೋಯಿಸಿತು.

“ಕಾಳಪ್ಪನ ಮುಖ ನೋಡಿ ಕೊಟ್ಟ ಕೆಲ್ಸ ಇದು. ಅವನ ಹೆಸರಿಗೆ ಹೀಗೆ ಮಸಿ ಬಳಿಯೋದಾ? ಸೋಮವಾರ ಕಮಿಟಿ ಕೂರತ್ತೆ. ನಿಜ ಹೇಳ್ಬಿಡಮ್ಮ.”

“ನಾನು ಅದನ್ನ ಮುಟ್ಟಿಲ್ಲ ಸಾರ್,” ಅಂದರು ಶಕುಂತಲಮ್ಮ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲಿಲ್ಲ? ಸ್ಟಾಫ್ ರೂಮಿನಲ್ಲಿ ಬೇಲಿಯೇ ಎದ್ದು ಹೊಲ ಮೇಯ್ದ ಕತೆ ಆಗಲೇ ಎರಡು ಸುತ್ತು ಆಗಿತ್ತು. ಹದಿನೈದು ವರ್ಷ ಒಂದು ಪೆನ್ಸಿಲ್ ಕೂಡ ಮನೆಗೆ ಒಯ್ಯದವರು ಕಳ್ಳಿ ಅನ್ನಿಸಿಕೊಂಡು ಹೋಗಬೇಕಾಗಿತ್ತು. ಗಂಡನನ್ನೂ ಜೊತೆಗೆ ಎಳೆದುಕೊಂಡು.

ಟಿ.ಆರ್. ಮಿಲ್ ಹಿಂದಿನ ಮನೆಗೆ ನಡೆದುಕೊಂಡು ಹೋಗುವಾಗ ಆಕೆ ಅಳಲಿಲ್ಲ, ಲೆಕ್ಕ ಹಾಕಿದರು. ದಾಖಲೆ ಸುಳ್ಳು ಹೇಳುವುದಿಲ್ಲ. ನಾನೂ ಮುಟ್ಟಿಲ್ಲ. ಹಾಗಾದರೆ ಆ ಹೊತ್ತಿಗೆ ನಾನು ಮಾಡಿದ್ದೇನು? ಗುಂಡಿ ಒತ್ತಿದೆ, ಮಷೀನು ಎದ್ದಿತು, ಅಷ್ಟೇ. ಮನೆಗೆ ಹೋಗಿ ನೋಟ್‌ಬುಕ್ ತೆಗೆದರು. ಸೋಮವಾರದ ಸಾಲು ಅವರದೇ ಅಕ್ಷರದಲ್ಲಿ ಕೂತಿತ್ತು: ‘ನಾಲ್ಕನೇ ಮಷೀನು. ಒಳಗಿನ ಕಂಪ್ಯೂಟರ್ ಏಳಲಿಲ್ಲ.’ ಮಂಗಳವಾರದ ಸಾಲು: ‘ಸರಿಯಾಗಿದೆ.’ ರಾಯರು ಪಾಠದಲ್ಲಿ ಹೇಳಿದ್ದು ನೆನಪಿಗೆ ಬಂತು. ಒಳಗಿನ ಕಂಪ್ಯೂಟರನ್ನು ಎಬ್ಬಿಸಲು ಒಬ್ಬ ಸೇವಕ ಇದ್ದಾನೆ. ಯಾರೂ ಲಾಗಿನ್ ಆಗುವ ಮೊದಲೇ, ಮಷೀನು ಎದ್ದ ತಕ್ಷಣ, ಯಜಮಾನನ ಪೂರ್ತಿ ಅಧಿಕಾರದಲ್ಲಿ ಅವನು ಏಳುತ್ತಾನೆ. ಅವನ ಹೆಸರಿನ ಫೈಲು ‘ಶ್ರೀ’ ಫೋಲ್ಡರಿನಲ್ಲಿದೆ.

ಸೋಮವಾರ ಅವನು ತನ್ನ ಕೆಲಸ ಮಾಡಿಲ್ಲ. ಹಾಗಿದ್ದರೆ ಅವನ ಹೆಸರಿನಲ್ಲಿ ಎದ್ದವನು ಯಾರು? ಶಕುಂತಲಮ್ಮನ ಕೈಯ ಕಲೆ ಚುರ್ರೆಂದಿತು. ಚೀಟಿ ಅದೇ ಇರಬಹುದು, ಬಾಟಲಿಯೊಳಗಿನದು ಬೇರೆ.

ಶನಿವಾರ ಮಧ್ಯಾಹ್ನ ಹುಡುಗರೆಲ್ಲ ಹೋದ ಮೇಲೆ ಆಕೆ ರಾಯರನ್ನು ನಾಲ್ಕನೇ ಮಷೀನಿನ ಮುಂದೆ ಕೂರಿಸಿದರು.

“ಸಾರ್, ಅಡ್ಮಿನ್ ಬೇಡ. ಸ್ಟೂಡೆಂಟ್ ಹೆಸರಲ್ಲಿ ಬನ್ನಿ.”

ರಾಯರು ಬಂದರು.

“ಎಲ್ಲಾ ಸಾಫ್ಟ್‌ವೇರೂ ಇರೋ ಮಾಮೂಲಿ ಜಾಗದಲ್ಲಿ ಒಂದು ಫೈಲಿನ ಹೆಸರು ಬದಲಾಯಿಸಿ ನೋಡಿ.”

ಮಷೀನು ಅನುಮತಿ ಇಲ್ಲ ಅಂದಿತು.

“ಈಗ ನಿಮ್ಮ ಶ್ರೀ ಒಳಗಡೆ, ಆ ಎಬ್ಬಿಸೋನ ಫೈಲು. ಅದರ ಹೆಸರು ಬದಲಾಯಿಸಿ.”

ರಾಯರು ಬದಲಾಯಿಸಿದರು. ಮಷೀನು ಕಮಕ್ ಕಿಮಕ್ ಅನ್ನಲಿಲ್ಲ. ಹೆಸರು ಬದಲಾಗಿ ಕೂತಿತ್ತು. ಮಾಮೂಲಿ ಜಾಗಕ್ಕೆ ಹುಟ್ಟಿನಿಂದಲೇ ಕಾವಲು. ಹೊಸ ಡಿಸ್ಕಿನಲ್ಲಿ ಕೈಯಾರೆ ಮಾಡಿದ ಫೋಲ್ಡರಿಗೆ ಯಾವ ಕಾವಲೂ ಇಲ್ಲ, ಬಂದವರೆಲ್ಲ ಬರೆಯಬಹುದು. ಸಾಫ್ಟ್‌ವೇರಾದರೂ ತಾನು ಕೂತ ಜಾಗಕ್ಕೆ ಬಾಗಿಲಿದೆಯೇ ಅಂತ ನೋಡಿಕೊಳ್ಳಬೇಕಿತ್ತು, ಅದೂ ನೋಡಲಿಲ್ಲ.

ರಾಯರು ನಾಲ್ಕು ಸಾಲಿನ ಒಂದು ಪ್ರೋಗ್ರಾಂ ಬರೆದರು. ಸ್ಟೂಡೆಂಟನ್ನು ಅಡ್ಮಿನ್ ಮಾಡು, ಅಷ್ಟೇ ಅದರ ಕೆಲಸ. ಅದಕ್ಕೆ ಆ ಸೇವಕನ ಹೆಸರಿಟ್ಟು, ಅವನ ಜಾಗದಲ್ಲಿ ಕೂರಿಸಿ, ಮಷೀನು ಆಫ್ ಮಾಡಿದರು.

“ಗುಂಡಿ ನೀವೇ ಒತ್ತಿ,” ಅಂದರು.

ಶಕುಂತಲಮ್ಮ ಒತ್ತಿದರು. ದಿನಾ ಬೆಳಿಗ್ಗೆ ಒತ್ತಿದ ಹಾಗೇ. ಮಷೀನು ಎದ್ದಿತು. ಒಳಗಿನ ಕಂಪ್ಯೂಟರ್ ಏಳಲಿಲ್ಲ. ರಾಯರು ಸ್ಟೂಡೆಂಟ್ ಹೆಸರಿನಲ್ಲೇ ಒಳಗೆ ಹೋಗಿ ಬೀಗ ಹಾಕಿದ್ದ ಪ್ರಶ್ನೆಗಳ ಮೇಲೆ ಒತ್ತಿದರು. ಅದು ಯಜಮಾನನಿಗೆ ತೆರೆದುಕೊಳ್ಳುವ ಹಾಗೆ ತೆರೆದುಕೊಂಡಿತು.

ಪಾಸ್‌ವರ್ಡ್ ಒಡೆದಿಲ್ಲ, ಬೀಗ ಮುರಿದಿಲ್ಲ. ಹಿಂದಿನ ವಾರ ಯಾವನೋ ಇಂಥದ್ದನ್ನೇ ಕೂರಿಸಿ ಹೋಗಿದ್ದಾನೆ, ಸೋಮವಾರ ಆಕೆ ಗುಂಡಿ ಒತ್ತಿದಾಗ ಅದು ಎದ್ದು ನಕಲು ಮಾಡಿದೆ, ಆಮೇಲೆ ಹಳೆಯದನ್ನು ಮತ್ತೆ ಜಾಗಕ್ಕಿಟ್ಟಿದ್ದಾನೆ. ಒಂದು ಗಳಿಗೆಯ ಹಿಂದೆ ತನ್ನ ಪರದೆಯ ಹಿನ್ನೆಲೆ ಚಿತ್ರ ಬಿಟ್ಟರೆ ಬೇರೇನೂ ಬದಲಾಯಿಸಲಾಗದಿದ್ದ ಬಡ ಸ್ಟೂಡೆಂಟ್, ಈಗ ಇಡೀ ಮಷೀನಿಗೆ ಒಡೆಯ. ಶಕುಂತಲಮ್ಮನಿಗೆ ಕಳ್ಳನ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮೈ ಝುಮ್ಮೆಂದಿತು. ಇಷ್ಟು ದೊಡ್ಡ ಮಷೀನು, ಅದರೊಳಗೆ ಇನ್ನೊಂದು ಮಷೀನು, ಎರಡನ್ನೂ ಒಂದು ಹೆಸರಿನ ಚೀಟಿ ನಂಬಿಸಿಬಿಟ್ಟಿದೆ. ರಾಯರು ನೋಡುತ್ತಿದ್ದದ್ದು ಮಾತ್ರ ಮಷೀನನ್ನಲ್ಲ. ಬಾಗಿಲ ಹತ್ತಿರದ ಸ್ಟೂಲನ್ನು ಒಮ್ಮೆ, ಈ ಹೆಂಗಸನ್ನು ಒಮ್ಮೆ. ಇಪ್ಪತ್ತೆರಡು ವರ್ಷ ಪಾಠ ಮಾಡಿದ್ದರು, ಒಬ್ಬ ವಿದ್ಯಾರ್ಥಿಯೂ ಅವರನ್ನು ಹೀಗೆ ಕೂರಿಸಿ ಪಾಠ ಹೇಳಿರಲಿಲ್ಲ.

“ಬಾಗಿಲು ತೆಗೆದಿಟ್ಟವನು ನಾನು ಶಕುಂತಲಮ್ಮ,” ಅಂದರು ಕೊನೆಗೆ. “ಅದೂ ಶ್ರೀ ಅಂತ ಹೆಸರಿಟ್ಟು.”

“ದೇವರ ಹೆಸರು ಬರೆದ್ರೆ ಸಾಕಾ ಸಾರ್? ಬಾಗಿಲನ್ನೂ ಹಾಕ್ಕೋಬೇಕಲ್ವಾ.”

ರಾಯರು ನಕ್ಕರು, ಕಣ್ಣು ಒದ್ದೆಯಾಗಿತ್ತು. ದೊಡ್ಡ ಮನುಷ್ಯರೇ ಸರಿ. ಬೇರೆಯವರಾಗಿದ್ದರೆ ಫೋಲ್ಡರನ್ನು ಸದ್ದಿಲ್ಲದೆ ಅಳಿಸಿ ಮನೆಗೆ ಹೋಗುತ್ತಿದ್ದರು, ಕೇಳುವವರು ಯಾರಿದ್ದರು? ರಾಯರು ಸೋಮವಾರ ಕಮಿಟಿಯ ಮುಂದೆ ಎಲ್ಲವನ್ನೂ ಮತ್ತೆ ಮಾಡಿ ತೋರಿಸಿ, ತಪ್ಪು ನನ್ನದು ಅಂತ ಬರೆದುಕೊಟ್ಟರು. ವೀರಭದ್ರಯ್ಯನವರು ನಾಲ್ಕನೇ ಮಷೀನಿನ ಮುಂದೆಯೇ, ಕಾಲೇಜಿನ ಚರಿತ್ರೆಯಲ್ಲಿ ಮೊದಲ ಸಲ ಆಕೆಗೆ ಕೈ ಮುಗಿದರು. ಪ್ರಶ್ನೆಗಳನ್ನು ಬದಲಾಯಿಸಿ ಪರೀಕ್ಷೆ ನಡೆಸಿದರು. ಕದ್ದವನು ಯಾರು ಅನ್ನುವುದು ಕೊನೆಗೂ ತಿಳಿಯಲಿಲ್ಲ.

ರಾಯರು ಅಷ್ಟಕ್ಕೇ ಬಿಡಲಿಲ್ಲ. ಸಾಫ್ಟ್‌ವೇರ್ ಮಾಡಿದ ಕಂಪನಿಗೆ ಮೇಲ್ ಬರೆದರು. ಎರಡು ತಿಂಗಳಿಗೆ ಉತ್ತರ ಬಂತು. ನೀವು ಹೇಳಿದ್ದು ನಿಜ, ಎಲ್ಲ ಕಡೆ ಸರಿಪಡಿಸುತ್ತೇವೆ, ಪ್ರಕಟಣೆಯಲ್ಲಿ ಕಂಡುಹಿಡಿದವರಿಗೆ ವಂದನೆ ಹೇಳುವುದು ನಮ್ಮ ಪದ್ಧತಿ, ಹೆಸರು ಕಳಿಸಿ. ರಾಯರು ಆ ಕಾಗದವನ್ನು ಪ್ರಿಂಟ್ ಮಾಡಿಕೊಂಡು ಲ್ಯಾಬಿಗೆ ಬಂದರು. ಶಕುಂತಲಮ್ಮ ಕೀಬೋರ್ಡ್ ಒರೆಸುತ್ತಿದ್ದರು.

“ನಿಮ್ಮ ಹೆಸರನ್ನ ಪ್ರಪಂಚಕ್ಕೆಲ್ಲ ಹಾಕ್ತಾರಂತೆ. ಹೇಗೆ ಕಳಿಸ್ಲಿ? ರಿಜಿಸ್ಟರಲ್ಲಿ ಇರೋ ಹಾಗೇ, ದಿವಂಗತ ಕಾಳಪ್ಪನವರ ಪತ್ನಿ ಅಂತ ಸೇರಿಸ್ಲಾ?”

ಆಕೆ ಬಟ್ಟೆ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಆ ಕಾಗದವನ್ನು ಎರಡು ಸಲ ಓದಿದರು.

“ಬರೀ ಶಕುಂತಲಮ್ಮ ಅಂತ ಕಳಿಸಿ ಸಾರ್,” ಅಂದರು. “ಆವತ್ತು ಗುಂಡಿ ಒತ್ತಿದ್ದು ಅವ್ರಲ್ಲ, ನಾನು.”