ಅಪ್ಪ ಕಟ್ಟಿದ ಬೇರೆ ಗ್ರಹದ ಯುದ್ಧ

ಮಕ್ಕಳು ದೇವರ ಸಮಾನ ಎನ್ನುವವರು ಎಪ್ಪತ್ತೊಂದರ ಡಿಸೆಂಬರಿನಲ್ಲಿ ಬೊಂಬಾಯಿಯ ಸಾಂತಾಕ್ರೂಜಿನ ನಮ್ಮ ಚಾಳಿಗೆ ಬಂದು ನೋಡಬೇಕಿತ್ತು. ಪಾಕಿಸ್ತಾನದೊಡನೆ ಯುದ್ಧ ಶುರುವಾಗಿತ್ತು. ವಿಮಾನ ನಿಲ್ದಾಣ ಹತ್ತಿರವಿದ್ದುದರಿಂದ ಮೊದಲ ಬಾಂಬು ನಮ್ಮ ತಲೆಯ ಮೇಲೇ ಎಂದು ದೊಡ್ಡವರು ಹೆದರಿದ್ದರೆ, ನಾವು ಮನೆಗಳ ಮುಂದಿನ ಉದ್ದ ಗ್ಯಾಲರಿಯಲ್ಲಿ ಯುದ್ಧದ ಆಟ ಆಡುತ್ತಿದ್ದೆವು. ಆಟಕ್ಕೆ ಶತ್ರು ಬೇಕಲ್ಲ? ಯಾರೂ ಯಾರನ್ನೂ ಕೇಳಲಿಲ್ಲ. ಪಕ್ಕದ ಮನೆಯ ನನ್ನ ಗೆಳತಿಯನ್ನು ಆ ಕಡೆಗೆ ತಳ್ಳಿದರು. ಅವರು ಬಿಜಾಪುರದ ಕಡೆಯ ಮುಸಲ್ಮಾನರು. ಅವಳು ಅಳಲೂ ಇಲ್ಲ, ಜಗಳವಾಡಲೂ ಇಲ್ಲ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋದಳು.

ಅದನ್ನು ಅಪ್ಪ ನೋಡಿದರು. ಮೈಸೂರಿನಿಂದ ಬಂದು ಫೋರ್ಟಿನ ಆಫೀಸೊಂದರಲ್ಲಿ ಗುಮಾಸ್ತರಾಗಿದ್ದ ಅವರು ಮಕ್ಕಳ ವ್ಯವಹಾರಕ್ಕೆ ತಲೆ ಹಾಕುವವರೇ ಅಲ್ಲ. ಅಂದು ಮಾತ್ರ ಎಲ್ಲರನ್ನೂ ಕೂರಿಸಿಕೊಂಡರು.

"ಈ ಆಟ ಇವತ್ತಿಗೆ ಮುಗೀತು. ನಿಜವಾದ ಶತ್ರು ಬೇರೆ ಗ್ರಹದಿಂದ ಬರ್ತಿದಾನೆ. ಅವನ ಮುಂದೆ ನಮ್ಮ ವಿಮಾನಗಳೆಲ್ಲ ಎತ್ತಿನ ಗಾಡಿ. ಇಡೀ ಚಾಳು ಒಂದೇ ಸೈನ್ಯ ಆದ್ರೆ ಉಳ್ಕೋತೀವಿ, ಇಲ್ದಿದ್ರೆ ಇಲ್ಲ."

ಗೆಳತಿಯ ತಂದೆ ಮನೆಯಲ್ಲೇ ರೇಡಿಯೋ ರಿಪೇರಿ ಮಾಡುತ್ತಿದ್ದರು. ಹಾಗಾಗಿ ಶತ್ರುವಿನ ಮಾತನ್ನು ಕದ್ದು ಕೇಳುವ ಹುದ್ದೆ ಅವಳಿಗೆ ಸಿಕ್ಕಿತು. ನನಗೆ ಹೊಟ್ಟೆಕಿಚ್ಚಾಯಿತು, ಆದರೆ ಅವಳು ಮರಳಿ ಆಟಕ್ಕೆ ಬಂದಳಲ್ಲ ಎಂಬ ಸಂತೋಷ ಅದಕ್ಕಿಂತ ದೊಡ್ಡದಾಗಿತ್ತು.

ಅಂದಿನಿಂದ ಪ್ರತಿ ಸಂಜೆ, ಊರೆಲ್ಲ ದೀಪ ಆರಿಸಿದ ಬ್ಲ್ಯಾಕೌಟಿನ ಕತ್ತಲಲ್ಲಿ, ಅಪ್ಪನ ಕಥೆ. ಒಳಗಿನಿಂದ ಅಮ್ಮ, "ರಾಕೆಟ್ ಇರೋರ ಮುಂದೆ ಲಟ್ಟಣಿಗೆ ಹಿಡ್ಕೊಂಡು ನಿಲ್ತೀರಾ?" ಎಂದು ಛೇಡಿಸುತ್ತಿದ್ದರು. ಮನುಷ್ಯರು ಒಟ್ಟಾಗಿ ನಿಂತರೆ ಯಾವ ಯಂತ್ರಕ್ಕೂ ಏನೂ ಮಾಡಲಾಗದು ಎಂಬುದು ಅಪ್ಪನ ವಾದ. ಪಕ್ಕದ ಬಾಗಿಲಲ್ಲಿ ಕೂತು ಕೇಳುತ್ತಿದ್ದ ಗೆಳತಿಯ ತಂದೆ ಒಮ್ಮೆ ಹೇಳಿದರು: "ಸಾಹೇಬ್ರ, ಅಷ್ಟ ದೂರದಿಂದ ಬರೋರು ಬಾಂಬ್ ಯಾಕ ಹಾಕ್ತಾರ್ರಿ? ನಮ್ಮ ಬತ್ತಿ ಬಂದ್ ಮಾಡಿಸಿ ಅವರು ಸುಮ್ಮ ಕೂತ್ರ ಸಾಕು. ಉಳದದ್ದು ನಮ್ಮ ನಮ್ಮೊಳಗ ನಾವ ಮಾಡ್ಕೋತೀವಿ."

ಅಪ್ಪ ನಕ್ಕರು. ನಾವೂ ನಕ್ಕೆವು.

ಕಥೆಯಲ್ಲಿ ಶತ್ರುವಿನ ವಾಹನ ಪವಾಯಿ ಕೆರೆಯ ಮೇಲೆ ಇಳಿದ ಸಂಜೆಯೇ ನಿಜವಾದ ಸೈರನ್ ಕೂಗಿತು. ಕಥೆ ನಿಲ್ಲಿಸಿ ಎಲ್ಲರೂ ಒಳಗೆ ಹೋದೆವು. ಸ್ವಲ್ಪ ಹೊತ್ತಿಗೆ ಗಲ್ಲಿ ಕಾಯುವ ಗಂಡಸರು ಧಡಧಡ ಮೆಟ್ಟಿಲು ಹತ್ತಿ ಬಂದರು. ಪಕ್ಕದ ಮನೆಯ ಕಿಟಕಿಗೆ ಅಂಟಿಸಿದ್ದ ಕಪ್ಪು ಕಾಗದದ ಮೂಲೆ ಬಿಚ್ಚಿಕೊಂಡು ಒಳಗಿನ ಕೆಂಪು ಬೆಳಕು ಕೆಳಗಿನವರಿಗೆ ಕಂಡಿತ್ತಂತೆ. ಮೇಜಿನ ಮೇಲೆ ಬಿಚ್ಚಿಟ್ಟಿದ್ದ ರೇಡಿಯೋದ ಗಾಜಿನ ವಾಲ್ವುಗಳ ಬೆಳಕು ಅದು. ಆ ರೇಡಿಯೋ ನಮ್ಮದು. ಯುದ್ಧದ ಸುದ್ದಿ ಕೇಳಬೇಕು, ಬೇಗ ಮಾಡಿಕೊಡಿ ಎಂದು ಅಪ್ಪನೇ ಕೊಟ್ಟು ಬಂದಿದ್ದರು.

"ಖಬರ್ ಕಿಸ್ಕೋ ಭೇಜ್ತಾ ಹೈ?" ಎಂದು, ಅವರು ಶತ್ರುವಿಗೆ ಸುದ್ದಿ ಕಳಿಸುತ್ತಿದ್ದಾರೆ ಎಂಬಂತೆ ಯಾರೋ ಗದರಿದರು.

"ಬಾಜೂವಾಲೆ ಸಾಹೇಬ್ ಕಾ ರೇಡಿಯೋ ಹೈ," ಎಂದರು ಗೆಳತಿಯ ತಂದೆ. "ಉನ್ಕೋ ಪೂಛೋ." ಬೇಕಿದ್ದರೆ ಅಪ್ಪನನ್ನೇ ಕೇಳಿ ಎನ್ನುತ್ತಿದ್ದರು.

ನಮ್ಮ ಚಾಳಿನಲ್ಲಿ ಮಲಗುವ ತನಕ ಯಾರೂ ಬಾಗಿಲು ಹಾಕುತ್ತಿರಲಿಲ್ಲ. ಹಾಕಿದರೆ ಒಳಗೆ ಏನೋ ಕೆಟ್ಟದ್ದಾಗಿದೆ ಎಂದೇ ಅರ್ಥ. ಅಪ್ಪ ಎದ್ದು ನಿಂತರು. ಹೊರಗೆ ಹೋಗುತ್ತಾರೆ ಎಂದುಕೊಂಡೆ. ಅಮ್ಮ ಅವರ ತೋಳು ಹಿಡಿದು, "ನಮಗ್ಯಾಕೆ, ಸುಮ್ನಿರಿ," ಎಂದು ಪಿಸುಗುಟ್ಟಿದರು. ಅಪ್ಪ ಬಾಗಿಲು ಮುಚ್ಚಿ ಚಿಲಕ ಹಾಕಿದರು.

ಹೊರಗಿನಿಂದ ತಟ್ಟಿದರು. "ಸಾಬ್, ರೇಡಿಯೋ ಆಪ್ಕಾ ಹೈ ಕ್ಯಾ?"

ಅಪ್ಪ ಮಾತಾಡಲಿಲ್ಲ. ಚಿಲಕದ ಮೇಲಿಟ್ಟ ಕೈಯನ್ನೂ ತೆಗೆಯಲಿಲ್ಲ. ಗೋಡೆಯಾಚೆ ನನ್ನ ಗೆಳತಿ "ಅಬ್ಬಾ, ಅಬ್ಬಾ" ಎಂದು ಅಳುವುದು ಕೇಳಿಸುತ್ತಿತ್ತು. ಅವಳು ಅತ್ತದ್ದನ್ನು ಅದಕ್ಕೆ ಮೊದಲು ನಾನು ಕೇಳಿರಲಿಲ್ಲ. ಅವಳ ತಂದೆಯನ್ನೂ ನಮ್ಮ ರೇಡಿಯೋವನ್ನೂ ಪೊಲೀಸ್ ಚೌಕಿಗೆ ಒಯ್ದರು.

ಮರುದಿನ ಮಧ್ಯಾಹ್ನ ರೇಡಿಯೋ ಸಮೇತ ಅವರನ್ನು ಬಿಟ್ಟು ಕಳಿಸಿದರು. ಅಪ್ಪ ಅಂದು ಆಫೀಸಿಗೂ ಹೋಗಲಿಲ್ಲ, ಪಕ್ಕದ ಮನೆಗೂ ಹೋಗಲಿಲ್ಲ. ಕಥೆಯಂತೂ ನಿಂತೇಹೋಯಿತು. ನಾನು ಕೇಳಿದರೆ ರೇಗುತ್ತಿದ್ದರು. ಆಗ ನನಗೆ ಅಪ್ಪನ ಮೇಲೆ ಬಂದಿದ್ದ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ. ಹೆದರಿದ ಮನುಷ್ಯನನ್ನು ಅರ್ಥಮಾಡಿಕೊಳ್ಳುವಷ್ಟು ವಯಸ್ಸು ನನಗೀಗ ಆಗಿದೆ, ಆದರೂ ಇಳಿದಿಲ್ಲ.

ಯುದ್ಧ ಮುಗಿದ ಮೇಲೆ ಒಂದು ಬೆಳಿಗ್ಗೆ ಗೆಳತಿಯ ತಂದೆ ರೇಡಿಯೋ ಹೊತ್ತು ನಮ್ಮ ಬಾಗಿಲಿಗೆ ಬಂದರು. ಹಿಂದೆ ಮಗಳು.

"ತಗೋರಿ ಸಾಹೇಬ್ರ, ರೆಡಿ ಆಗೇತಿ. ಒಂದ್ ವಾಲ್ವ್ ಹೋಗಿತ್ತು, ಹೊಸಾದು ಹಾಕೀನಿ."

ಅಪ್ಪ ಎರಡೂ ಕೈ ಚಾಚಿದರು, ತಲೆ ಎತ್ತಲಿಲ್ಲ. ಅಷ್ಟರಲ್ಲಿ ಗೆಳತಿ ತಂದೆಯ ಬದಿಯಿಂದ ಮುಂದೆ ಬಂದಳು.

"ಕಾಕಾ, ಆ ಕಥಿ ಮುಂದ ಏನಾತ್ರಿ? ನಾವು ಗೆದ್ದೇವೇನ್ರಿ?"

ಅಪ್ಪ ರೇಡಿಯೋ ತೆಗೆದುಕೊಂಡು ಕೆಳಗಿಟ್ಟರು.

"ಸೋತ್ವಿ ಕಣಮ್ಮ," ಎಂದರು. "ಅವರಿನ್ನೂ ಕೆರೆ ದಾಟಿ ಬಂದೇ ಇರ್ಲಿಲ್ಲ. ಅಷ್ಟರಲ್ಲೇ ಸೋತ್ವಿ."

ಅವಳು ತಂದೆಯ ಮುಖ ನೋಡಿದಳು. ಅವರು ಅವಳ ತಲೆಯ ಮೇಲೆ ಕೈಯಿಟ್ಟರು.

"ಕೂಸಿಗೆ ಗೆದ್ದೇವಿ ಅಂತ ಹೇಳ್ರಿ ಸಾಹೇಬ್ರ," ಎಂದರು. "ಇನ್ನೂ ಸಣ್ಣದೈತಿ."

ಅಪ್ಪನಿಂದ ಅದನ್ನು ಹೇಳಲಾಗಲಿಲ್ಲ. ಗೆಳತಿಯ ತಂದೆ ಮಗಳ ಕೈ ಹಿಡಿದುಕೊಂಡು ತಮ್ಮ ಮನೆಗೆ ಹೋಗಿ, ಹಾಡುಹಗಲಲ್ಲೇ ಬಾಗಿಲು ಹಾಕಿಕೊಂಡರು.